ಐವಿ ಲೀ: ಪ್ರೆಸ್ ನೋಟ್ ಬರೆಯೋಕೆ ಮುಂಚೆ ಓದಬೇಕಾದ ಬದುಕು

ಸೆಕೆಂಡ್ ಸೆಮ್ ಮುಗಿದ ರಜೆಯಲ್ಲಿ ಬೆಂಗಳೂರಿನ ಒಂದು ಪಿ.ಆರ್. ಏಜೆನ್ಸಿಯಲ್ಲಿ ಆರು ವಾರ ಇಂಟರ್ನ್ ಆಗಿದ್ದೆ. ಎಂಜಿನಿಯರಿಂಗ್ ಓದೋರಿಗೆ ಅಲ್ಲೇನು ಕೆಲಸ ಅಂತ ಮನೆಯಲ್ಲೂ ಕೇಳಿದ್ರು, ಹಾಸ್ಟೆಲ್‌ನಲ್ಲೂ ಕೇಳಿದ್ರು. ಕೆಲಸ ಸಿಂಪಲ್. ಬೆಳಿಗ್ಗೆ ಬೇಗ ಹೋಗಿ ಅಷ್ಟೂ ಪೇಪರ್ ತಿರುವಿ ಹಾಕಬೇಕು, ಕ್ಲೈಂಟ್ ಹೆಸರು ಬಂದ ಕಡೆಯೆಲ್ಲ ಸ್ಕ್ಯಾನ್ ಮಾಡಿ ಎಕ್ಸೆಲ್ ಶೀಟಿಗೆ ಸೇರಿಸಬೇಕು. ಮಧ್ಯಾಹ್ನದ ಮೇಲೆ ಪ್ರೆಸ್ ನೋಟ್‌ಗಳ ಮೊದಲ ಡ್ರಾಫ್ಟ್ ಬರೆಯಬೇಕು.

ಮೂರನೇ ವಾರ ಒಂದು ಕಂಪನಿಯ ಹೊಸ ಮೋಟಾರ್ ಬಗ್ಗೆ ಬರೆಯೋಕೆ ಕೊಟ್ರು. ಅದು ಇಷ್ಟು ಪರ್ಸೆಂಟ್ ಕರೆಂಟ್ ಉಳಿಸುತ್ತೆ ಅಂತ ಮೇಲ್‌ನಲ್ಲಿ ಒಂದು ಅಂಕಿ ಬಂದಿತ್ತು. ಎಷ್ಟು ಲೋಡ್‌ನಲ್ಲಿ, ಯಾವ ಮೋಟಾರಿಗೆ ಹೋಲಿಸಿ ಅನ್ನೋದು ಏನೂ ಇರಲಿಲ್ಲ. ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ನಾನು ಹೀಗೆ ರೀಡಿಂಗ್ ಬರೆದಿದ್ರೆ ರೆಕಾರ್ಡ್ ವಾಪಸ್ ಬರ್ತಿತ್ತು. ಇಲ್ಲಿ ಮಾತ್ರ, ಕ್ಲೈಂಟೇ ಕೊಟ್ಟಿದ್ದಾರೆ ಅಂದ್ಮೇಲೆ ಸರಿ ಇರುತ್ತೆ ಅಂದುಕೊಂಡು ಟೈಪ್ ಮಾಡಿ ಕಳಿಸಿದೆ. ನಮ್ಮ ಸೀನಿಯರ್ ಮೇಡಂ ಬೈಲಿಲ್ಲ. ಆ ಅಂಕಿ ಸುತ್ತ ಪೆನ್ನಲ್ಲಿ ಒಂದು ವೃತ್ತ ಎಳೆದು, ಇವತ್ತು ರಾತ್ರಿ ಐವಿ ಲೀ ಬಗ್ಗೆ ಓದಿಕೊಂಡು ಬಾ ಅಂದ್ರು.

ಹೆಸರು ನನಗೆ ಗೊತ್ತಿತ್ತು. ಮಲಗೋ ಮುಂಚೆ ನಾಳೆಯ ಆರು ಕೆಲಸ ಬರೆದಿಡಿ ಅಂತ ಯೂಟ್ಯೂಬ್‌ನಲ್ಲಿ ಹೇಳ್ತಾರಲ್ಲ, ಅದಕ್ಕೆ ಐವಿ ಲೀ ಮೆಥಡ್ ಅಂತಾನೇ ಹೆಸರು. ಆದರೆ ಆ ಮನುಷ್ಯನ ನಿಜವಾದ ಕೆಲಸ ಬೇರೆ. ಇವತ್ತಿನ ಪಿ.ಆರ್. ಉದ್ಯೋಗವನ್ನು ಶುರು ಮಾಡಿದವರಲ್ಲಿ ಅವರೂ ಒಬ್ಬರು.

ಐವಿ ಲೆಡ್‌ಬೆಟರ್ ಲೀ ಹುಟ್ಟಿದ್ದು 1877ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಸೀಡರ್‌ಟೌನ್ ಹತ್ತಿರ. ತಂದೆ ಮೆಥಡಿಸ್ಟ್ ಚರ್ಚಿನ ಪಾದ್ರಿ. ಪ್ರಿನ್ಸ್‌ಟನ್‌ನಲ್ಲಿ ಓದಿ 1898ರಲ್ಲಿ ಪದವಿ ಪಡೆದ ಲೀ, ನ್ಯೂಯಾರ್ಕ್‌ಗೆ ಹೋಗಿ ಪತ್ರಿಕಾ ವರದಿಗಾರರಾದರು. ವಾಲ್ ಸ್ಟ್ರೀಟ್ ಸುದ್ದಿ ಬರೀತಾ ಓಡಾಡುವಾಗ ಅವರಿಗೆ ಒಂದು ವಿಷಯ ಕಾಣಿಸಿತು. ದೊಡ್ಡ ಕಂಪನಿಗಳು ಪತ್ರಕರ್ತರನ್ನ ಒಳಗೇ ಬಿಡ್ತಿರಲಿಲ್ಲ. ಏನಾದರೂ ಆದರೆ ಬಾಗಿಲು ಹಾಕಿಕೊಂಡು ಸುಮ್ಮನಾಗಿಬಿಡ್ತಿದ್ದವು. ಬಾಗಿಲು ಹಾಕಿದಷ್ಟೂ ಜನರ ಸಿಟ್ಟು ಹೆಚ್ಚಾಗ್ತಿತ್ತು. ಇದನ್ನೇ ತಿರುಗಿಸಿ ಮಾಡಿದ್ರೆ ಹೇಗೆ ಅನ್ನೋದು ಲೀ ಯೋಚನೆ. ಒಂದೆರಡು ಚುನಾವಣಾ ಪ್ರಚಾರಗಳಲ್ಲಿ ಕೆಲಸ ಮಾಡಿದ ಮೇಲೆ, ಜಾರ್ಜ್ ಪಾರ್ಕರ್ ಜೊತೆ ಸೇರಿ ಪಾರ್ಕರ್ ಆ್ಯಂಡ್ ಲೀ ಅನ್ನೋ ಸಂಸ್ಥೆ ತೆರೆದರು. ಅಮೆರಿಕದ ಮೊಟ್ಟಮೊದಲ ಪಿ.ಆರ್. ಸಂಸ್ಥೆಗಳಲ್ಲಿ ಅದೂ ಒಂದು.

1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡ್ತಿದ್ದಾಗ, ಲೀ ಎಲ್ಲ ಸಂಪಾದಕರಿಗೂ ಒಂದು ಚಿಕ್ಕ ಹೇಳಿಕೆ ಕಳಿಸಿದರು. ನಾವು ಗುಟ್ಟಾಗಿ ಸುದ್ದಿ ಹಾಕಿಸೋರಲ್ಲ, ಮಾಡೋದೆಲ್ಲ ಬಹಿರಂಗ. ನಾವು ಕೊಡೋದು ಜಾಹೀರಾತಲ್ಲ, ಸುದ್ದಿ, ಅದು ನಿಖರವಾಗಿರುತ್ತೆ. ಯಾವುದೇ ಸಂಗತಿಯನ್ನು ಸಂಪಾದಕರು ಪರೀಕ್ಷಿಸಿ ನೋಡಬೇಕು ಅಂದ್ರೆ ನಾವೇ ಸಹಾಯ ಮಾಡ್ತೀವಿ. ಹೆಚ್ಚುಕಮ್ಮಿ ಇಷ್ಟೇ ಅದರ ಸಾರ. ತತ್ವಗಳ ಘೋಷಣೆ ಅಂತ ಅದನ್ನ ಇವತ್ತಿಗೂ ಪಿ.ಆರ್. ಕೋರ್ಸ್‌ಗಳಲ್ಲಿ ಪಾಠ ಮಾಡ್ತಾರೆ. ಇದರಲ್ಲಿ ಪರೀಕ್ಷಿಸೋ ಮಾತು ಇದೆಯಲ್ಲ, ಅದನ್ನ ನೆನಪಿಟ್ಟುಕೊಳ್ಳಿ.

ಅದೇ ವರ್ಷ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿ ಹತ್ತಿರ ಒಂದು ಎಲೆಕ್ಟ್ರಿಕ್ ರೈಲು ಸೇತುವೆ ಮೇಲೆ ಹಳಿ ತಪ್ಪಿ ನೀರಿಗೆ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ರೈಲು ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗೆ ಸೇರಿದ್ದು, ಲೀ ಆ ಕಂಪನಿಗೆ ಸಲಹೆಗಾರರು. ಅಪಘಾತ ಆದರೆ ಮುಚ್ಚಿಡೋದು ಆ ಕಾಲದ ರೈಲು ಕಂಪನಿಗಳ ಪದ್ಧತಿ. ಲೀ ಉಲ್ಟಾ ಮಾಡಿದರು. ಕಂಪನಿಯ ಕಡೆಯಿಂದಲೇ ಏನಾಯ್ತು ಅಂತ ಬರೆದು ಪತ್ರಿಕೆಗಳಿಗೆ ಕೊಟ್ಟರು, ವರದಿಗಾರರನ್ನ ಸ್ಥಳಕ್ಕೇ ಕರೆಸಿದರು. ಆ ಬರಹವನ್ನೇ ಜಗತ್ತಿನ ಮೊದಲ ಪ್ರೆಸ್ ರಿಲೀಸ್ ಅಂತ ಸಾಮಾನ್ಯವಾಗಿ ಹೇಳೋದು. ಇದನ್ನ ಓದಿದಾಗ ನನಗೆ ಖುಷಿಯಾಯ್ತು. ನಾನು ಎಕ್ಸೆಲ್ ಶೀಟ್ ತುಂಬಿಸ್ತಿದ್ದ ಕೆಲಸದ ಹಿಂದೆ ಇಷ್ಟು ಒಳ್ಳೇ ಯೋಚನೆ ಇತ್ತಾ ಅನ್ನಿಸ್ತು.

ಖುಷಿ 1914ರ ತನಕ ಮಾತ್ರ.

ಕೊಲೊರಾಡೊ ರಾಜ್ಯದಲ್ಲಿ ರಾಕ್‌ಫೆಲರ್ ಕುಟುಂಬದ ದೊಡ್ಡ ಪಾಲಿದ್ದ ಒಂದು ಕಲ್ಲಿದ್ದಲು ಕಂಪನಿ ಇತ್ತು. 1913ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಮನೆಗಳು ಕಂಪನಿಯವು, ಹಾಗಾಗಿ ಸಂಸಾರ ಸಮೇತ ಹೊರಗೆ ಬಂದು ಲಡ್ಲೋ ಅನ್ನೋ ಕಡೆ ಟೆಂಟ್ ಹಾಕಿಕೊಂಡು ಚಳಿಗಾಲ ಕಳೆದರು. 1914ರ ಏಪ್ರಿಲ್ 20ರಂದು ರಾಜ್ಯದ ಮಿಲಿಟರಿ ಪಡೆ ಮತ್ತು ಕಂಪನಿಯ ಕಾವಲುಗಾರರು ಆ ಟೆಂಟುಗಳ ಮೇಲೆ ಗುಂಡು ಹಾರಿಸಿದರು, ಟೆಂಟುಗಳಿಗೆ ಬೆಂಕಿ ಬಿತ್ತು. ಗುಂಡಿನಿಂದ ತಪ್ಪಿಸಿಕೊಳ್ಳೋಕೆ ಟೆಂಟಿನ ಕೆಳಗೆ ತೋಡಿದ್ದ ಗುಂಡಿಯೊಳಗೆ ಅಡಗಿದ್ದ ಇಬ್ಬರು ಹೆಂಗಸರು, 11 ಮಕ್ಕಳು ಉಸಿರುಕಟ್ಟಿ ಸತ್ತರು.

ದೇಶವೆಲ್ಲ ರಾಕ್‌ಫೆಲರ್ ಹೆಸರಿಗೆ ಉಗಿಯೋಕೆ ಶುರುವಾಯ್ತು. ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಸಹಾಯಕ್ಕೆ ಕರೆದದ್ದು ಐವಿ ಲೀ ಅವರನ್ನ. ಲೀ ಕೊಲೊರಾಡೊ ಹೋರಾಟದ ಸತ್ಯಾಂಶ ಅನ್ನೋ ಅರ್ಥದ ಹೆಸರಿಟ್ಟು ಬುಲೆಟಿನ್‌ಗಳನ್ನ ಪ್ರಿಂಟ್ ಮಾಡಿಸಿ, ದೇಶದ ಪ್ರಭಾವಿ ಜನರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಅವುಗಳಲ್ಲಿ ಯೂನಿಯನ್ ನಾಯಕರು ಪಡೆಯೋ ಹಣದ ಲೆಕ್ಕವೂ ಇತ್ತು. ಒಂದು ವರ್ಷದ ಹಣವನ್ನ ಕೆಲವೇ ವಾರಗಳ ಹಣ ಅನ್ನೋ ಹಾಗೆ ತೋರಿಸಲಾಗಿತ್ತು. ಬಡ ಕಾರ್ಮಿಕರ ಹೆಸರಲ್ಲಿ ನಾಯಕರು ಲೂಟಿ ಹೊಡೀತಿದ್ದಾರೆ ಅಂತ ಓದಿದವರಿಗೆ ಅನ್ನಿಸದೇ ಇರುತ್ತಾ? ತಪ್ಪು ತಿದ್ದೋ ಹೊತ್ತಿಗೆ ಬುಲೆಟಿನ್ ಎಲ್ಲ ಕಡೆ ತಲುಪಿಯಾಗಿತ್ತು.

ಆಮೇಲೆ ಸರ್ಕಾರ ನೇಮಿಸಿದ್ದ ಕೈಗಾರಿಕಾ ಸಂಬಂಧಗಳ ಆಯೋಗ ಲೀ ಅವರನ್ನ ಕರೆಸಿ ವಿಚಾರಣೆ ಮಾಡಿತು. ಈ ಅಂಕಿಗಳನ್ನ ನೀವು ಪರೀಕ್ಷೆ ಮಾಡಿದ್ರಾ ಅಂತ ಕೇಳಿದ್ದಕ್ಕೆ, ಗಣಿ ಕಂಪನಿಯವರು ಕೊಟ್ಟದ್ದನ್ನ ನಂಬಿ ಹಾಕಿದೆ, ಸ್ವತಃ ಪರೀಕ್ಷೆ ಮಾಡಲಿಲ್ಲ ಅಂತ ಒಪ್ಪಿಕೊಂಡರು. ಬೇರೆಯವರು ಪರೀಕ್ಷಿಸೋಕೆ ಸಹಾಯ ಮಾಡ್ತೀನಿ ಅಂತ ಎಂಟು ವರ್ಷದ ಹಿಂದೆ ಬರೆದುಕೊಟ್ಟವರು ಇವರೇ. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವರಿಗೆ ಪಾಯ್ಸನ್ ಐವಿ ಅಂತ ಹೆಸರಿಟ್ಟರು. ಮುಟ್ಟಿದರೆ ಮೈಯೆಲ್ಲ ತುರಿಕೆ ಏಳಿಸೋ ಒಂದು ಬಳ್ಳಿಯ ಹೆಸರು ಅದು. ಸಾಯೋ ತನಕ ಅವರನ್ನ ಬಿಡಲಿಲ್ಲ, ಸತ್ತ ಮೇಲೂ ಬಿಟ್ಟಿಲ್ಲ.

ಕಥೆ ಪೂರ್ತಿ ಕಪ್ಪಲ್ಲ. 1915ರಲ್ಲಿ ರಾಕ್‌ಫೆಲರ್ ಜೂನಿಯರ್ ತಾವೇ ಕೊಲೊರಾಡೊಗೆ ಹೋಗಿ ಗಣಿಗಳಿಗೆ ಇಳಿದರು, ಕಾರ್ಮಿಕರ ಮನೆಗಳಿಗೆ ಹೋದರು, ಅವರ ಹೆಂಡತಿಯರ ಜೊತೆ ಡ್ಯಾನ್ಸ್ ಕೂಡ ಮಾಡಿದರು. ಯಜಮಾನ ಜನರ ಎದುರು ಬರಬೇಕು ಅನ್ನೋದು ಲೀ ನಂಬಿಕೆಯೇ. ದೂರು ಹೇಳಿಕೊಳ್ಳೋಕೆ ಒಂದು ವ್ಯವಸ್ಥೆಯೂ ಬಂತು. ಆದರೆ ಕಾರ್ಮಿಕರು ಜೀವ ಕೊಟ್ಟು ಕೇಳಿದ್ದ ಅವರದೇ ಯೂನಿಯನ್‌ಗೆ ಕಂಪನಿ ಆಗ ಮಾನ್ಯತೆ ಕೊಡಲಿಲ್ಲ. ರಾಕ್‌ಫೆಲರ್ ಹೆಸರು ಮಾತ್ರ ನಿಧಾನಕ್ಕೆ ಚೇತರಿಸಿಕೊಂಡಿತು.

ಮುಂದೆ ಲೀ ಬಹಳ ದೊಡ್ಡವರಾದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ರೆಡ್ ಕ್ರಾಸ್‌ನ ಪ್ರಚಾರ ನೋಡಿಕೊಂಡರು. ದೊಡ್ಡ ದೊಡ್ಡ ಕಂಪನಿಗಳು ಅವರ ಸಲಹೆಗೆ ಕಾಯ್ತಿದ್ದವು. ಕೊನೆಗೆ ಬಂದ ಕ್ಲೈಂಟ್ ಜರ್ಮನಿಯ ರಾಸಾಯನಿಕ ಕಂಪನಿ ಐ.ಜಿ. ಫಾರ್ಬೆನ್. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೂ ಲೀ ಆ ಕೆಲಸ ಬಿಡಲಿಲ್ಲ. ವರ್ಷಕ್ಕೆ 25,000 ಡಾಲರ್ ಶುಲ್ಕ. 1934ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಅವರನ್ನ ಕರೆದು ಕೇಳಿತು. ತಾನು ಕೊಟ್ಟದ್ದು ಸಲಹೆ ಮಾತ್ರ, ಯೆಹೂದಿಗಳನ್ನ ನಡೆಸಿಕೊಳ್ಳೋ ರೀತಿಯನ್ನ ಅಮೆರಿಕದ ಜನ ಒಪ್ಪೋದಿಲ್ಲ ಅಂತ ಜರ್ಮನ್ನರಿಗೆ ಹೇಳಿದ್ದೇನೆ ಅನ್ನೋದು ಅವರ ಉತ್ತರ. ಆ ಉತ್ತರ ಕೇಳೋ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಅದೇ ವರ್ಷ ನವೆಂಬರ್ 9ರಂದು, 57ನೇ ವಯಸ್ಸಿನಲ್ಲಿ, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ವಿದೇಶಿ ಸರ್ಕಾರಗಳ ಪರ ಅಮೆರಿಕದಲ್ಲಿ ಪ್ರಚಾರ ಮಾಡೋರು ಹೆಸರು ನೋಂದಾಯಿಸಬೇಕು ಅನ್ನೋ ಕಾನೂನು 1938ರಲ್ಲಿ ಬಂದದ್ದು, ಆ ಸಮಿತಿಯ ಕೆಲಸದ ಫಲವಾಗಿ.

ಓದಿ ಮುಗಿಸಿದಾಗ ರಾತ್ರಿ ಒಂದು ಗಂಟೆ. ನನಗೆ ಕಾಡಿದ್ದು ಹಿಟ್ಲರ್ ಭಾಗ ಅಲ್ಲ, ಅಂಥ ಕ್ಲೈಂಟ್ ನನ್ನ ಹತ್ತಿರ ಬರಲ್ಲ. ಕಾಡಿದ್ದು ಯೂನಿಯನ್ ಹಣದ ಆ ಲೆಕ್ಕ. ಲೀ ಬೇಕಂತಲೇ ಸುಳ್ಳು ಬರೆಯೋಕೆ ಕೂತಿದ್ರು ಅಂತ ನನಗೆ ಅನ್ನಿಸಲಿಲ್ಲ. ಕ್ಲೈಂಟ್ ಅಂಕಿ ಕೊಟ್ಟರು, ಅವರು ಚೆನ್ನಾಗಿ ಬರೆದು ಕಳಿಸಿದರು. ಮಧ್ಯಾಹ್ನ ನಾನು ಮಾಡಿದ್ದೂ ಅದನ್ನೇ.

ಮಾರನೇ ದಿನ ಮೇಡಂ ಹತ್ತಿರ ಕೇಳಿ, ಕಂಪನಿಗೆ ನಾನೇ ಮೇಲ್ ಬರೆದೆ. ಎಷ್ಟು ಲೋಡ್, ಯಾವ ಮೋಟಾರಿಗೆ ಹೋಲಿಕೆ, ಟೆಸ್ಟ್ ರಿಪೋರ್ಟ್ ಇದ್ದರೆ ಕಳಿಸಿ ಅಂತ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್ ಬಂತು, ಆ ಲೈನ್ ತೆಗೆದುಬಿಡಿ ಅಂದ್ರು. ತೆಗೆದೆ. ಪ್ರೆಸ್ ನೋಟ್ ಸಪ್ಪೆಯಾಯ್ತು, ಒಂದೇ ಪೇಪರ್‌ನಲ್ಲಿ ಬಂತು, ಅದೂ ನಾಲ್ಕೇ ಸಾಲು. ಎಕ್ಸೆಲ್ ಶೀಟಿಗೆ ನಾನೇ ಹಾಕಿದೆ.

ಸರ್ಟಿಫಿಕೇಟ್‌ನಲ್ಲಿ ಮೀಡಿಯಾ ಮಾನಿಟರಿಂಗ್, ಕಂಟೆಂಟ್ ರೈಟಿಂಗ್ ಕಲಿತೆ ಅಂತ ಬರೆದಿದ್ದಾರೆ. ಅದೂ ಸರಿಯೇ. ಆದರೆ ಏನು ಕಲಿತೆ ಅಂತ ಜೂನಿಯರ್‌ಗಳು ಕೇಳಿದ್ರೆ, ಟೈಪ್ ಮಾಡೋಕೆ ಮುಂಚೆ ಇದನ್ನ ಯಾರು ಅಳೆದರು ಅಂತ ಕೇಳೋದು ಕಲಿತೆ ಅಂತ ಹೇಳ್ತೀನಿ. ಆರು ಕೆಲಸದ ಪಟ್ಟಿ ಈಗಲೂ ರಾತ್ರಿ ಬರೀತೀನಿ. ಮೊದಲನೇ ಸಾಲಿನಲ್ಲಿ ದಿನಾ ಇರೋದು ಅದೇ.