ಸುಖದ ಲೆಕ್ಕವಿಡದ ಗುರು

ಕಳೆದ ವರ್ಷ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಅವಳು ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ಮೊಬೈಲನ್ನು ಎದುರಿಗಿಟ್ಟುಕೊಂಡು ಧ್ಯಾನಕ್ಕೆ ಕೂರುತ್ತಾಳೆ. ಎಷ್ಟು ದಿನ ತಪ್ಪದೆ ಕುಳಿತಿದ್ದಾಳೆಂಬ ಲೆಕ್ಕವನ್ನೂ ಆ ಮೊಬೈಲೇ ಇಡುತ್ತದೆ. ಒಂದು ರಾತ್ರಿ ಮೊಮ್ಮಗನಿಗೆ ಜ್ವರ ಬಂದು ಮನೆಯವರೆಲ್ಲ ಎದ್ದಿದ್ದೆವು. ಮರುದಿನ ಧ್ಯಾನ ತಪ್ಪಿತು. ಇನ್ನೂರನ್ನು ದಾಟಿದ್ದ ಲೆಕ್ಕ ಸೊನ್ನೆಗೆ ಬಂದು ನಿಂತಿತು. ಮಗುವಿನ ಜ್ವರ ಇಳಿದ ಮೇಲೂ ಅವಳ ಮುಖದಿಂದ ಆ ಸೊನ್ನೆಯ ಬೇಸರ ಇಳಿಯಲಿಲ್ಲ.

ಅವಳನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಮಡದಿ ತೀರಿಕೊಂಡ ಮೇಲೆ ನೆಮ್ಮದಿಯನ್ನು ಅರಸುತ್ತ ನಾನೂ ಶಿಬಿರದಿಂದ ಶಿಬಿರಕ್ಕೆ ಅಲೆದವನೇ. ಹತ್ತು ದಿನದ ಶಿಬಿರ ಮುಗಿಸಿ ಬಂದಾಗಲೆಲ್ಲ, ಈ ಬಾರಿ ಎಷ್ಟು ಪಾಲು ದುಃಖ ಕಡಿಮೆಯಾಯಿತೆಂದು ಒಳಗೊಳಗೇ ತೂಗಿ ನೋಡಿಕೊಳ್ಳುತ್ತಿದ್ದೆ. ಮಗಳ ಮನೆಯಿಂದ ಕೆಲವೇ ಮೈಲಿ ದೂರದ ಲಾಸ್ ಆಲ್ಟೋಸ್ ಎಂಬ ಊರಿನಲ್ಲಿ, 1960ರ ದಶಕದಲ್ಲಿ, ಒಬ್ಬ ಕುಳ್ಳ ಜಪಾನಿ ಸನ್ಯಾಸಿ ಒಂದು ಮನೆಗೆ ಬಂದು ಧ್ಯಾನದ ಪಾಠ ಹೇಳುತ್ತಿದ್ದರು. ಆ ಮನೆಯ ಗ್ಯಾರೇಜನ್ನೇ ಹದಿನೇಳು ಮಂದಿ ಕೂರಬಹುದಾದ ಧ್ಯಾನದ ಕೋಣೆಯಾಗಿ ಮಾರ್ಪಡಿಸಲಾಗಿತ್ತು. ಅವರ ಹೆಸರು ಶುನ್‌ರ್ಯೂ ಸುಜುಕಿ. ಧ್ಯಾನದಿಂದ ಏನನ್ನಾದರೂ ಗಳಿಸಬೇಕೆಂಬ ಆಸೆಯೇ ಧ್ಯಾನಕ್ಕೆ ದೊಡ್ಡ ಅಡ್ಡಿಯೆಂಬುದು ಅವರ ಉಪದೇಶದ ತಿರುಳು. ಇಂದು ಅಮೆರಿಕದಲ್ಲಿ ಮನಶ್ಶಾಂತಿ ಒಂದು ದೊಡ್ಡ ಉದ್ಯಮವಾಗಿ ಬೆಳೆದಿರುವಾಗ, ಆ ನೆಲದಲ್ಲಿ ಬೌದ್ಧ ಧ್ಯಾನದ ಬೀಜ ಬಿತ್ತಿದವರಲ್ಲಿ ಪ್ರಮುಖರಾದ ಈ ವ್ಯಕ್ತಿಯ ಬದುಕನ್ನು ಮತ್ತೊಮ್ಮೆ ನೋಡುವುದು ಅಗತ್ಯವೆಂದು ನನಗನ್ನಿಸುತ್ತದೆ.

ಝೆನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ವಿದ್ವಾಂಸರಾದ ಡಿ. ಟಿ. ಸುಜುಕಿ. ಇವರು ಅವರಲ್ಲ. ಜನ ಇಬ್ಬರನ್ನೂ ಬೆರೆಸಿ ಮಾತನಾಡಿದಾಗ, ಅವರು ದೊಡ್ಡ ಸುಜುಕಿ, ತಾನು ಚಿಕ್ಕ ಸುಜುಕಿ ಎಂದು ಇವರು ನಗುತ್ತಿದ್ದರಂತೆ. ಶುನ್‌ರ್ಯೂ ಹುಟ್ಟಿದ್ದು 1904ರಲ್ಲಿ, ಜಪಾನಿನ ಕನಗಾವಾ ಪ್ರಾಂತ್ಯದಲ್ಲಿ. ತಂದೆ ಸೋಟೋ ಪಂಥದ ಒಂದು ಬಡ ದೇವಾಲಯದ ಅರ್ಚಕರು. ಎಳೆಯ ವಯಸ್ಸಿನಲ್ಲೇ ಮನೆ ತೊರೆದು, ತಂದೆಯ ಶಿಷ್ಯರೇ ಆಗಿದ್ದ ಸೋ-ಆನ್ ಎಂಬ ಕಠೋರ ಗುರುವಿನ ಬಳಿ ಸೇರಿದ ಹುಡುಗನಿಗೆ ಮರೆವು ಹೆಚ್ಚು. ಗುರು ಅವನಿಗೆ ಸೊಟ್ಟ ಸೌತೆಕಾಯಿ ಎಂದು ಅಡ್ಡಹೆಸರಿಟ್ಟರು. ಬಳ್ಳಿಯ ತುದಿಯಲ್ಲಿ ಮುರುಟಿಕೊಂಡು ಬೆಳೆಯುವ, ಯಾರಿಗೂ ಬೇಡದ ಕಾಯಿ ಅದು.

ಕೋಮಜಾವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರಿಗೆ ಇಂಗ್ಲಿಷ್ ಕಲಿಸುತ್ತಿದ್ದ ನೋನಾ ರಾನ್ಸಮ್ ಎಂಬ ಆಂಗ್ಲ ಮಹಿಳೆಯ ಮನೆಯಲ್ಲಿ ಸಹಾಯಕರಾಗಿದ್ದರು. ಆಕೆಗೆ ಬುದ್ಧನ ವಿಗ್ರಹವೆಂದರೆ ಒಂದು ಅಲಂಕಾರದ ವಸ್ತು; ಅದರ ಪಕ್ಕದಲ್ಲೇ ಪಾದರಕ್ಷೆಗಳನ್ನೂ ಇಡುತ್ತಿದ್ದರು. ಸುಜುಕಿ ಆಕೆಯೊಡನೆ ವಾದಕ್ಕಿಳಿಯಲಿಲ್ಲ. ದಿನವೂ ವಿಗ್ರಹದ ಮುಂದೆ ಒಂದು ಪುಟ್ಟ ಬಟ್ಟಲು ಚಹಾ ಇಟ್ಟು, ಧೂಪ ಬೆಳಗಿ, ಕೈಮುಗಿಯತೊಡಗಿದರು. ಮೊದಮೊದಲು ನಕ್ಕ ಆಕೆ ಕ್ರಮೇಣ ಪ್ರಶ್ನೆ ಕೇಳತೊಡಗಿದರು. ಆಮೇಲೆ ಬೌದ್ಧ ಧರ್ಮದಲ್ಲಿ ನಿಜವಾದ ಆಸಕ್ತಿ ತಳೆದರು. ಪಶ್ಚಿಮದವರಿಗೂ ಈ ದಾರಿ ಅರ್ಥವಾಗಬಲ್ಲದೆಂಬ ನಂಬಿಕೆ ಆ ಯುವಕನಲ್ಲಿ ಬೇರೂರಿದ್ದು ಹೀಗೆ. ಅಮೆರಿಕಕ್ಕೆ ಹೋಗುವ ಆಸೆಯನ್ನು ಗುರುವಿನ ಮುಂದಿಟ್ಟಾಗ ಅವರು ಒಪ್ಪಲಿಲ್ಲ. ಶಿಷ್ಯ ಸುಮ್ಮನಾದ. ಆ ಆಸೆ ಮೂರು ದಶಕ ಕಾಯಬೇಕಾಯಿತು.

ಆ ಮೂರು ದಶಕಗಳನ್ನು ಸುಖದ ಕಾಲವೆನ್ನಲಾಗದು. 1936ರಲ್ಲಿ ಯೈಜು ಊರಿನ ರಿನ್ಸೋ-ಇನ್ ದೇವಾಲಯದ ಹೊಣೆ ಹೆಗಲೇರಿತು. ಮಹಾಯುದ್ಧ ಬಂತು, ಮುಗಿಯಿತು. ದೇವಾಲಯದಲ್ಲಿ ಮನಸ್ಸು ಸ್ಥಿಮಿತದಲ್ಲಿಲ್ಲದ ಒಬ್ಬ ಸನ್ಯಾಸಿ ಇದ್ದ. ಅವನನ್ನು ಕಳಿಸಿಬಿಡಿರೆಂದು ಮನೆಯವರು ಹೇಳಿದರೂ ಸುಜುಕಿ ಕೇಳಲಿಲ್ಲ. 1952ರಲ್ಲಿ ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಆ ಸನ್ಯಾಸಿ ಅವರ ಪತ್ನಿ ಚಿಯೆಯನ್ನು ಕೊಂದುಹಾಕಿದ. ತಪ್ಪು ಕೊಂದವನದಲ್ಲ, ಹೇಳಿದ ಮಾತನ್ನು ಕೇಳದ ತನ್ನದು ಎಂದು ಅವರು ಮಕ್ಕಳ ಮುಂದೆ ಒಪ್ಪಿಕೊಂಡರು. ತಾಯಿಯಿಲ್ಲದ ಮಕ್ಕಳಲ್ಲಿ ಒಬ್ಬ ಮಗಳು ಮಾನಸಿಕವಾಗಿ ಕುಸಿದು, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು, 1964ರಲ್ಲಿ ಪ್ರಾಣ ಕಳೆದುಕೊಂಡಳು. ಆಗ ತಂದೆ ಅಮೆರಿಕದಲ್ಲಿದ್ದರು. ಪರಕೀಯರಿಗೆ ದಾರಿ ತೋರಿದ ಈ ಮನುಷ್ಯ ಸ್ವಂತ ಮಕ್ಕಳಿಗೆ ಒಳ್ಳೆಯ ತಂದೆಯಾಗಿದ್ದರೆಂದು ಹೇಳುವುದು ಕಷ್ಟ. ಅವರನ್ನು ಸದಾ ನಗುವ ಜ್ಞಾನಿಯೆಂದಷ್ಟೇ ಚಿತ್ರಿಸುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದೆಂದು ನನ್ನ ಅಭಿಪ್ರಾಯ.

1959ರ ಮೇ ತಿಂಗಳಿನಲ್ಲಿ, ಐವತ್ತೈದರ ಹರೆಯದಲ್ಲಿ, ಅವರು ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದಿಳಿದರು. ಬಂದದ್ದು ಬಿಳಿಯರಿಗೆ ಬೋಧಿಸಲೆಂದಲ್ಲ. ಬುಷ್ ರಸ್ತೆಯಲ್ಲಿ, ಹಿಂದೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿದ್ದ ಕಟ್ಟಡದಲ್ಲಿ, ಸೋಕೋಜಿ ಎಂಬ ದೇವಾಲಯವಿತ್ತು. ಅದಕ್ಕೆ ನಡೆದುಕೊಳ್ಳುತ್ತಿದ್ದವರು ಅಲ್ಲಿ ನೆಲೆಸಿದ್ದ ಜಪಾನಿ ಕುಟುಂಬಗಳು. ಯುದ್ಧಕಾಲದಲ್ಲಿ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಆ ಗಾಯವಿನ್ನೂ ಮಾಯದ ಜನ ಅವರು. ಅವರಿಗೆ ಬೇಕಿದ್ದುದು ಮದುವೆ, ತಿಥಿ, ಹಬ್ಬಗಳನ್ನು ನಡೆಸಿಕೊಡುವ ಒಬ್ಬ ಪುರೋಹಿತ. ಸುಜುಕಿ ಆ ಕೆಲಸವನ್ನು ಮಾಡಿದರು. ಜೊತೆಗೆ, ತನ್ನ ಪಾಡಿಗೆ ತಾನು ಬೆಳಗಿನ 5.45ಕ್ಕೆ ಗೋಡೆಗೆ ಮುಖಮಾಡಿ ಧ್ಯಾನಕ್ಕೆ ಕುಳಿತರು.

ಝೆನ್ ಬಗ್ಗೆ ಕುತೂಹಲದಿಂದ ಬಂದ ಅಮೆರಿಕನ್ನರಿಗೆ ಅವರು ಕೊಟ್ಟ ಉತ್ತರವೂ ಅದೇ: ತಾನು ಆ ಹೊತ್ತಿಗೆ ಕೂರುತ್ತೇನೆ, ಬೇಕಾದವರು ಬಂದು ಜೊತೆಗೆ ಕೂರಬಹುದು. ವಿದ್ಯಾರ್ಥಿಗಳು, ಕಲಾವಿದರು, ಗೃಹಿಣಿಯರು ಬಂದರು. ಚಿತ್ತವಿಭ್ರಮೆಯ ಮಾದಕಗಳಲ್ಲಿ ಮೋಕ್ಷ ಅರಸಿ ದಣಿದ ಯುವಕರೂ ಬಂದರು. ಅವರೆಲ್ಲ ಅಪೂರ್ವವಾದ ಅನುಭವವೊಂದನ್ನು ನಿರೀಕ್ಷಿಸಿದ್ದರು. ಈ ಗುರುವಾದರೋ ಬೆನ್ನು ನೇರಮಾಡಿಸಿದರು, ಉಸಿರನ್ನು ಗಮನಿಸಲು ಹೇಳಿದರು, ಎದ್ದ ಮೇಲೆ ನೆಲ ಒರೆಸಲು ಕಳಿಸಿದರು. ಬಾಗುವ ಅಭ್ಯಾಸವೇ ಇಲ್ಲದ ಜನರೆಂದು, ಜಪಾನಿನಲ್ಲಿ ಮೂರು ಸಲ ಮಾಡುವ ದಂಡಪ್ರಣಾಮವನ್ನು ಇಲ್ಲಿ ಒಂಬತ್ತಕ್ಕೆ ಏರಿಸಿದರು.

1962ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಝೆನ್ ಸೆಂಟರ್ ಅಧಿಕೃತವಾಗಿ ಸ್ಥಾಪನೆಯಾಯಿತು. 1967ರಲ್ಲಿ ಮಾಂಟೆರೆ ಪ್ರದೇಶದ ಬೆಟ್ಟಗಳ ನಡುವೆ, ಬಿಸಿನೀರಿನ ಬುಗ್ಗೆಗಳ ಟಸಹಾರದಲ್ಲಿ ಮಠವೊಂದು ಆರಂಭವಾಯಿತು. ಜಪಾನಿನ ಸಂಪ್ರದಾಯಕ್ಕೆ ಭಿನ್ನವಾಗಿ ಅಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸಾಧನೆ ಮಾಡಿದರು. ಹದಿಮೂರನೆಯ ಶತಮಾನದ ಡೋಗೆನ್ ಗುರು ಅಡುಗೆಯವನ ಕಾಯಕವನ್ನೇ ಸಾಧನೆಯೆಂದು ಬಗೆದು ಗ್ರಂಥ ಬರೆದಿದ್ದರು. ಆ ಪರಂಪರೆಯ ಸುಜುಕಿಯೂ ಅಡುಗೆಮನೆಯ ಹುಡುಗರಿಗೆ ಕಲಿಸಿದ್ದು ಅಕ್ಕಿ ತೊಳೆಯುವಾಗ ಅಕ್ಕಿಯನ್ನಷ್ಟೇ ತೊಳೆಯುವುದನ್ನು. ಅವರೇ ವೃದ್ಧಾಪ್ಯದಲ್ಲಿ ಹಳ್ಳದ ಬಂಡೆಗಳನ್ನು ಉರುಳಿಸಿ ತಂದು ಗೋಡೆ ಕಟ್ಟುತ್ತಿದ್ದರು. ಅಂಗಡಿಗೆ ಹೋದರೆ ಬಾಡಿದ, ಯಾರೂ ಒಯ್ಯದ ತರಕಾರಿಗಳನ್ನೇ ಆರಿಸಿ ಕೊಳ್ಳುತ್ತಿದ್ದರಂತೆ. ಸೊಟ್ಟ ಸೌತೆಕಾಯಿಯೆಂದು ಕರೆಸಿಕೊಂಡ ಹುಡುಗನಿಗೆ ಆ ತರಕಾರಿಗಳ ಮೇಲೆ ಮಮತೆಯಿದ್ದರೆ ಆಶ್ಚರ್ಯವಿಲ್ಲ.

ಲಾಸ್ ಆಲ್ಟೋಸ್‌ನ ಉಪನ್ಯಾಸಗಳು ಪುಸ್ತಕವಾಗಿ 1970ರಲ್ಲಿ ಪ್ರಕಟವಾದವು. ಝೆನ್ ಮನಸ್ಸು ಹೊಸಬನ ಮನಸ್ಸೇ ಎಂಬರ್ಥದ ಹೆಸರಿನ ಆ ಪುಸ್ತಕ ಇಂದಿಗೂ ಮುದ್ರಣ ಕಾಣುತ್ತಿದೆ. ಅದನ್ನು ಸಂಪಾದಿಸಿದ ಶಿಷ್ಯೆ ಟ್ರೂಡಿ ಡಿಕ್ಸನ್, ಪುಸ್ತಕವನ್ನು ಕಣ್ಣಾರೆ ಕಾಣುವ ಮೊದಲೇ, 1969ರಲ್ಲಿ, ಎಳೆಯ ವಯಸ್ಸಿನಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಆಕೆಯ ಅಂತ್ಯಕ್ರಿಯೆಯಲ್ಲಿ ಗುರುವಿನ ಎದೆಯಾಳದಿಂದ ಬಂದ ಆಕ್ರಂದನಕ್ಕೆ ಸೇರಿದವರೆಲ್ಲ ಬೆಚ್ಚಿದ್ದರಂತೆ. ದುಃಖ ಬಂದಾಗ ದುಃಖಿಸದಿರುವುದನ್ನು ಅವರು ಸುಖವೆಂದು ಎಂದೂ ಎಣಿಸಿರಲಿಲ್ಲ.

ಎರಡು ವರ್ಷಗಳ ಬಳಿಕ ಅವರ ಸರದಿ ಬಂತು. 1971ರ ಶರತ್ಕಾಲದಲ್ಲಿ ಮೈ ಹಳದಿಯಾಯಿತು. ಕಾಮಾಲೆಯಿರಬಹುದೆಂದು ವೈದ್ಯರು ಅವರ ಊಟದ ಪಾತ್ರೆಗಳನ್ನು ಬೇರೆಯಾಗಿರಿಸಿದ್ದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ಕಾಣಲು ಬಂದ ಶಿಷ್ಯೆಗೆ ಅವರು ಆ ಸುದ್ದಿ ತಿಳಿಸಿ, ಇದು ಅಂಟುರೋಗವಲ್ಲವಾದ್ದರಿಂದ ಇನ್ನು ಒಂದೇ ತಟ್ಟೆಯಲ್ಲಿ ಹಂಚಿಕೊಂಡು ಉಣ್ಣಬಹುದೆಂದು ಸಂತೋಷಪಟ್ಟರು. ಡಿಸೆಂಬರ್ 4ರ ಬೆಳಗಿನ ಜಾವ, ಬುದ್ಧನ ಜ್ಞಾನೋದಯವನ್ನು ಸ್ಮರಿಸುವ ವಾರ್ಷಿಕ ಧ್ಯಾನಸತ್ರ ಆರಂಭವಾಗುವ ವೇಳೆಗೆ, ಪೇಜ್ ರಸ್ತೆಯ ಮಠದ ಕೋಣೆಯಲ್ಲಿ ಕೊನೆಯುಸಿರೆಳೆದರು. ಅಮೆರಿಕದಲ್ಲಿ ಅವರು ಬದುಕಿದ್ದು ಹನ್ನೆರಡೂವರೆ ವರ್ಷ ಮಾತ್ರ.

ಅವರು ಕಟ್ಟಿದ್ದೆಲ್ಲ ನಿಷ್ಕಳಂಕವಾಗಿ ಉಳಿಯಿತೆಂದೇನೂ ಅಲ್ಲ. ಅವರೇ ಆರಿಸಿದ ಉತ್ತರಾಧಿಕಾರಿ, ನಡತೆಯ ಕುರಿತಾದ ವಿವಾದದ ನಂತರ, 1983ರಲ್ಲಿ ಹೊಣೆಯಿಂದ ಇಳಿಯಬೇಕಾಯಿತು. ಸಂಸ್ಥೆ ಆ ಬಿಕ್ಕಟ್ಟಿನಿಂದ ಪಾಠ ಕಲಿತು ಮುಂದುವರಿದಿದೆ.

ಆ ತಟ್ಟೆಯ ಪ್ರಸಂಗವನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಮಡದಿಯ ಕೊನೆಯ ತಿಂಗಳುಗಳಲ್ಲಿ ನಾನು ವರದಿಗಳ ಹಿಂದೆ, ತಜ್ಞರ ಹಿಂದೆ, ಹೊಸ ಔಷಧಿಗಳ ಹಿಂದೆ ಓಡಿದೆ. ಆ ಓಟ ತಪ್ಪೆಂದು ಇಂದಿಗೂ ಹೇಳಲಾರೆ. ಆದರೆ ಅವಳ ಪಕ್ಕದಲ್ಲಿ ಕುಳಿತು ಒಂದು ತುತ್ತು ಅನ್ನವನ್ನು ನಿರಾತಂಕವಾಗಿ ಹಂಚಿಕೊಂಡ ನೆನಪು ನನಗಿಲ್ಲ. ಸುಖವೆಂಬುದು ಅವಳು ಗುಣವಾದ ಮೇಲೆ ಬರಬೇಕಾದದ್ದೆಂದು ಭಾವಿಸಿ, ಇದ್ದ ದಿನಗಳನ್ನು ಕಾಯುವುದರಲ್ಲೇ ಕಳೆದೆ. ಪತ್ನಿಯ ಮಾತು ಕೇಳದೆ ಆಕೆಯನ್ನು ಕಳೆದುಕೊಂಡ ಸುಜುಕಿಗೂ ಇಂಥದೊಂದು ಕೊರಗು ಇದ್ದೇ ಇದ್ದಿರಬೇಕು. ಅದನ್ನು ಧ್ಯಾನದಿಂದ ತೊಳೆದುಹಾಕಿದೆನೆಂದು ಅವರು ಹೇಳಿಕೊಳ್ಳಲಿಲ್ಲ. ಅದನ್ನು ಹೊತ್ತುಕೊಂಡೇ ಮರುದಿನ 5.45ಕ್ಕೆ ಕುಳಿತರು, ಎದ್ದರು, ಎದುರಿಗಿದ್ದ ಕೆಲಸಕ್ಕೆ ಹೋದರು.

ಸನಿವೇಲ್‌ನಿಂದ ಹೊರಡುವ ಮುನ್ನ ಒಂದು ಸಂಜೆ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಮಗುವಿನ ಹಣೆಯ ಮೇಲೆ ಒದ್ದೆಬಟ್ಟೆ ಇಟ್ಟು ರಾತ್ರಿಯೆಲ್ಲ ಕುಳಿತದ್ದನ್ನು ಸುಜುಕಿ ಧ್ಯಾನ ತಪ್ಪಿದ ದಿನವೆಂದು ಎಣಿಸುತ್ತಿರಲಿಲ್ಲವೆಂದೂ ಹೇಳಿದೆ. ಅವಳು ಏನೂ ಉತ್ತರಿಸಲಿಲ್ಲ. ಮೊಬೈಲಿನ ಲೆಕ್ಕವನ್ನು ತೆಗೆದುಹಾಕಿದಳೋ ಇಲ್ಲವೋ ನಾನು ಕೇಳಲಿಲ್ಲ. ಅಂದು ರಾತ್ರಿಯ ಅಡುಗೆಗೆ ಅಕ್ಕಿಯನ್ನು ನಾನೇ ತೊಳೆದೆ. ಮೊಮ್ಮಗನೂ ಸೇರಿ ಮೂವರೂ ಒಟ್ಟಿಗೆ ಕುಳಿತು ಊಟ ಮಾಡಿದೆವು.