ಎಲೆಕೋಸಿನ ಹೊಲಕ್ಕೆ ಬಿದ್ದ ರಾಕೆಟ್ಟು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಮೂರು ಸಲ ಫೋನು ಮಾಡಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಕನ್ನಡದಲ್ಲಿ ಎರಡು ಪುಟ ಬರೆದು ಹದಿನೈದು ವರ್ಷವಾಗಿರಬೇಕು. ಆದರೂ ಒಪ್ಪಿಕೊಂಡೆ, ಏಕೆಂದರೆ ಒಂದು ಹಳೆಯ ಬಾಕಿ ಇದೆ.

ಒಂಬತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ರಾಕೆಟ್ ಹೇಗೆ ಮೇಲೇರುತ್ತದೆ ಎಂಬ ಪ್ರಶ್ನೆ ಬಂದಿತ್ತು. ಅದರ ಬೆಂಕಿ ನೆಲವನ್ನೂ ಗಾಳಿಯನ್ನೂ ಜೋರಾಗಿ ಒತ್ತುವುದರಿಂದ ಎಂದು ಬರೆದು ಸೊನ್ನೆ ತೆಗೆದುಕೊಂಡೆ. ವಿಜ್ಞಾನದ ಮೇಷ್ಟ್ರು ಬಯ್ಯಲಿಲ್ಲ. ಇದೇ ತಪ್ಪನ್ನು ಅಮೆರಿಕದ ದೊಡ್ಡ ಪತ್ರಿಕೆಯೊಂದು ಮಾಡಿ, ತಿದ್ದಿಕೊಳ್ಳಲು ನಲವತ್ತೊಂಬತ್ತು ವರ್ಷ ತೆಗೆದುಕೊಂಡಿತೆಂದೂ, ನನಗೆ ನಾಳೆಯವರೆಗೆ ಮಾತ್ರ ಸಮಯವೆಂದೂ ಹೇಳಿದರು. ಆ ಪತ್ರಿಕೆ ಗೇಲಿ ಮಾಡಿದ್ದು ಯಾರನ್ನು ಎಂದು ನಾನು ಅವತ್ತು ಕೇಳಲಿಲ್ಲ. ಇಂಜಿನಿಯರಿಂಗ್ ಮುಗಿದ ಮೇಲೆ ಓದಿ ತಿಳಿದುಕೊಂಡೆ. ಅವರ ಹೆಸರು ರಾಬರ್ಟ್ ಗೊಡಾರ್ಡ್.

ಗೊಡಾರ್ಡ್ ಹುಟ್ಟಿದ್ದು 1882ರ ಅಕ್ಟೋಬರ್ 5ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ. ಚಿಕ್ಕಂದಿನಿಂದ ಕಾಯಿಲೆಯ ಹುಡುಗ. ಶಾಲೆಗೆ ಹೋದ ದಿನಕ್ಕಿಂತ ಹಾಸಿಗೆ ಹಿಡಿದ ದಿನವೇ ಹೆಚ್ಚೇನೋ ಎನ್ನುವಂತಿತ್ತು. ಹೈಸ್ಕೂಲು ಮುಗಿಸುವ ಹೊತ್ತಿಗೆ ವಯಸ್ಸು ಇಪ್ಪತ್ತೊಂದು ಆಗಿಹೋಗಿತ್ತು. ಆದರೆ ಮುಗಿಸಿದ್ದು ಮೊದಲಿಗನಾಗಿ, 1904ರಲ್ಲಿ. ವಯಸ್ಸು ಮೀರಿ ಓದುತ್ತಿರುವ ಮಕ್ಕಳನ್ನು ಹಿಂದಿನ ಬೆಂಚಿನ ಲೆಕ್ಕಕ್ಕೆ ಸೇರಿಸುವ ನಮ್ಮಂಥವರು ಇದನ್ನು ಸ್ವಲ್ಪ ಗಮನಿಸಬೇಕು.

ಹದಿನೇಳನೇ ವಯಸ್ಸಿನಲ್ಲಿ, 1899ರ ಅಕ್ಟೋಬರ್ 19ರಂದು, ಮನೆಯ ಹಿಂದಿನ ಚೆರ್ರಿ ಮರದ ಒಣಕೊಂಬೆ ಕಡಿಯಲು ಗೊಡಾರ್ಡ್ ಮರ ಹತ್ತಿದರು. ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ ಎಚ್. ಜಿ. ವೆಲ್ಸ್ ಅವರ ಕಾದಂಬರಿಯನ್ನು ಅದಕ್ಕೆ ಮೊದಲೇ ಓದಿದ್ದರು. ಕೊಂಬೆಯ ಮೇಲೆ ಕೂತು ಕೆಳಗಿನ ಹೊಲ ನೋಡುತ್ತಿದ್ದಾಗ, ಅಲ್ಲಿಂದ ಒಂದು ಯಂತ್ರ ಎದ್ದು ಮಂಗಳದ ಕಡೆ ಹೋದಂತೆ ಕಲ್ಪನೆ ಬಂತು. ಮರ ಇಳಿಯುವಾಗ ತಾನು ಬೇರೆಯೇ ಮನುಷ್ಯನಾಗಿದ್ದೆ ಎಂದು ಮುಂದೆ ಬರೆದುಕೊಂಡರು. ಬದುಕಿರುವವರೆಗೂ ಆ ತಾರೀಖನ್ನು ತಮ್ಮದೇ ಒಂದು ಹಬ್ಬದಂತೆ ನೆನೆಯುತ್ತಿದ್ದರು.

ಊರಿನ ತಾಂತ್ರಿಕ ಕಾಲೇಜಿನಲ್ಲಿ ಪದವಿ, ಅದೇ ಊರಿನ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್. 1913ರಲ್ಲಿ ಕ್ಷಯ ಹಿಡಿಯಿತು. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಇನ್ನು ಕೆಲವೇ ವಾರ ಎಂದು ಡಾಕ್ಟರು ಕೈಚೆಲ್ಲಿದರು. ಹಾಸಿಗೆಯಲ್ಲೇ ಮಲಗಿ ಟಿಪ್ಪಣಿ ಮಾಡುತ್ತಾ, ಸ್ವಲ್ಪ ಚೇತರಿಸಿಕೊಂಡ ಮೇಲೆ ನಡೆದಾಡುತ್ತಾ ಬದುಕಿಕೊಂಡರು. 1914ರ ಜುಲೈನಲ್ಲಿ ಅವರಿಗೆ ಎರಡು ಪೇಟೆಂಟ್ ಸಿಕ್ಕವು. ಒಂದರಲ್ಲಿ ಒಂದರ ಮೇಲೊಂದು ಹಂತವಿರುವ ರಾಕೆಟ್, ಇನ್ನೊಂದರಲ್ಲಿ ದ್ರವ ಇಂಧನದ ವಿಚಾರ. ಇವತ್ತು ಶ್ರೀಹರಿಕೋಟಾದಿಂದ ಏಳುವ ರಾಕೆಟ್ಟುಗಳಲ್ಲೂ ಈ ಎರಡು ವಿಚಾರಗಳು ಇವೆ.

ಆ ಕಾಲದವರಿಗೆ ರಾಕೆಟ್ ಎಂದರೆ ಜಾತ್ರೆಯ ಬಾಣ, ಇಲ್ಲವೇ ಯುದ್ಧದಲ್ಲಿ ಎಸೆಯುವ ಮದ್ದಿನ ಕೊಳವೆ. ಅದರಲ್ಲಿ ನಮ್ಮವರ ಪಾಲೂ ಇದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಒಯ್ದು, ಅದೇ ಮಾದರಿಯಲ್ಲಿ ವಿಲಿಯಂ ಕಾಂಗ್ರೀವ್ ತಮ್ಮ ರಾಕೆಟ್ಟು ಮಾಡಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆದರೆ ಮದ್ದಿನ ರಾಕೆಟ್ಟಿನಲ್ಲಿ ಉರಿದ ಶಕ್ತಿಯ ಬಹುಪಾಲು ವ್ಯರ್ಥ. ಗೊಡಾರ್ಡ್ ಅಳೆದು ನೋಡಿದಾಗ ನೂರಕ್ಕೆ ಎರಡರಷ್ಟು ಮಾತ್ರ ಕೆಲಸಕ್ಕೆ ಬರುತ್ತಿತ್ತು. ಉಗಿ ಟರ್ಬೈನಿನಲ್ಲಿ ಬಳಸುತ್ತಿದ್ದ, ನಡುವೆ ಸೊಂಟದಂತೆ ಕಿರಿದಾಗಿ ಮತ್ತೆ ಅಗಲವಾಗುವ ಮೂತಿಯನ್ನು ಅವರು ರಾಕೆಟ್ಟಿಗೆ ಜೋಡಿಸಿದರು. ಒಳ್ಳೆಯ ಮದ್ದು ಮತ್ತು ಈ ಮೂತಿ ಸೇರಿ, ದಕ್ಷತೆ ಶೇಕಡಾ ಅರವತ್ತು ದಾಟಿತು.

ಮುಖ್ಯವಾದ ಇನ್ನೊಂದು ಪ್ರಯೋಗವನ್ನೂ ಆಗಲೇ ಮಾಡಿದ್ದರು. ಗಾಳಿ ಹೊರತೆಗೆದ ಕೊಳವೆಯೊಳಗೆ ಸಣ್ಣ ರಾಕೆಟ್ ಉರಿಸಿ ತಳ್ಳುವ ಬಲ ಅಳೆದರು. ಬಲ ಕಡಿಮೆಯಾಗಲಿಲ್ಲ, ಬದಲಿಗೆ ಸ್ವಲ್ಪ ಹೆಚ್ಚೇ ಬಂತು. ಅಂದರೆ ರಾಕೆಟ್ಟಿಗೆ ಒದೆಯಲು ಗಾಳಿ ಬೇಕಿಲ್ಲ.

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಪಂಪ್‌ಸೆಟ್ ಚಾಲು ಮಾಡಿದ ಕೂಡಲೇ ನೀರು ರಭಸದಿಂದ ಬಂದರೆ ಕೈಯಲ್ಲಿ ಹಿಡಿದ ಪೈಪು ಹಿಂದಕ್ಕೆ ಒದೆಯುತ್ತದಲ್ಲ? ನೀರು ಹೋಗಿ ಕಾಲುವೆಯ ದಂಡೆಗೆ ಬಡಿದದ್ದರಿಂದ ಪೈಪು ಒದೆಯುವುದಿಲ್ಲ. ನೀರು ಮುಂದೆ ಹೋಗುವುದಕ್ಕೇ ಪೈಪು ಹಿಂದೆ ಬರುತ್ತದೆ. ರಾಕೆಟ್ಟಿನ ಕಥೆಯೂ ಅಷ್ಟೇ. ಒಳಗಿನ ಅನಿಲ ಹಿಂದೆ ಹೋಗುತ್ತದೆ, ರಾಕೆಟ್ ಮುಂದೆ ಹೋಗುತ್ತದೆ. ನ್ಯೂಟನ್ನನ ಮೂರನೇ ನಿಯಮ. ನನ್ನ ಸೊನ್ನೆಯ ಉತ್ತರವನ್ನು ಮೇಷ್ಟ್ರು ತಿದ್ದಿದ್ದು ಇದೇ ಪೈಪಿನ ಉದಾಹರಣೆಯಿಂದ.

ಕಾಲೇಜಿನ ಸಂಬಳದಲ್ಲಿ ಇಷ್ಟೆಲ್ಲಾ ಮಾಡಿ ಕೈ ಬರಿದಾದಾಗ ಗೊಡಾರ್ಡ್ 1916ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದರು. ಅವರು ಐದು ಸಾವಿರ ಡಾಲರ್ ಮಂಜೂರು ಮಾಡಿದರು. ಮಧ್ಯೆ ಮಹಾಯುದ್ಧ ಬಂತು, ಸೈನ್ಯಕ್ಕಾಗಿ ಕೈಯಲ್ಲಿ ಹಿಡಿದು ಹಾರಿಸುವ ರಾಕೆಟ್ ಮಾಡಿದರು. 1918ರ ನವೆಂಬರಿನಲ್ಲಿ ಅದನ್ನು ತೋರಿಸಿದ ಕೆಲವೇ ದಿನಗಳಲ್ಲಿ ಯುದ್ಧ ಮುಗಿಯಿತು. ಯಾರಿಗೂ ಅದು ಬೇಡವಾಯಿತು.

ಅದುವರೆಗಿನ ಕೆಲಸವನ್ನೆಲ್ಲ ಸೇರಿಸಿ ಅವರು ಬರೆದ ಪ್ರಬಂಧವನ್ನು ಸ್ಮಿತ್‌ಸೋನಿಯನ್ ಪ್ರಕಟಿಸಿತು. ಅತಿ ಎತ್ತರಕ್ಕೆ ಉಪಕರಣ ಕಳಿಸಿ ವಾಯುಮಂಡಲ ಅಳೆಯುವುದು ಅದರ ವಿಷಯ. ತುಂಬಾ ಲೆಕ್ಕ, ತುಂಬಾ ಕೋಷ್ಟಕ, ಓದಲು ಸಪ್ಪೆ. ಆದರೆ ಕೊನೆಯ ಕಡೆ ಒಂದು ಮಾತು ಸೇರಿಸಿದ್ದರು. ಸಾಕಷ್ಟು ದೊಡ್ಡ ರಾಕೆಟ್ಟಿನಲ್ಲಿ ಮಿಂಚುವ ಪುಡಿಯನ್ನು ಇಟ್ಟು ಚಂದ್ರನ ಕತ್ತಲ ಭಾಗಕ್ಕೆ ಹೊಡೆದರೆ ಆ ಮಿಂಚು ಭೂಮಿಯಿಂದ ದೂರದರ್ಶಕಕ್ಕೆ ಕಾಣಬಹುದು ಎಂದು. 1920ರ ಜನವರಿಯಲ್ಲಿ ಪತ್ರಿಕೆಗಳು ಉಳಿದ ಪುಟಗಳನ್ನೆಲ್ಲ ಬಿಟ್ಟು ಇದೊಂದನ್ನೇ ಹಿಡಿದುಕೊಂಡವು. ಚಂದ್ರನಿಗೆ ಹೋಗಲು ನಾವು ತಯಾರು ಎಂದು ಜನ ಅವರಿಗೆ ಪತ್ರ ಬರೆಯತೊಡಗಿದರು.

ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಪುಟದಲ್ಲಿ ಬರೆಯಿತು. ಗಾಳಿಯಿಲ್ಲದ ಕಡೆ ರಾಕೆಟ್ಟಿಗೆ ಒದೆಯಲು ಏನೂ ಇರುವುದಿಲ್ಲ, ಕ್ರಿಯೆ ಪ್ರತಿಕ್ರಿಯೆಯ ಸಂಬಂಧವೇ ಈ ಪ್ರಾಧ್ಯಾಪಕರಿಗೆ ಗೊತ್ತಿಲ್ಲ, ಹೈಸ್ಕೂಲಿನಲ್ಲಿ ದಿನಾ ಹೇಳಿಕೊಡುವ ಜ್ಞಾನವೂ ಅವರಿಗೆ ಇದ್ದಂತಿಲ್ಲ ಎಂಬುದು ಅದರ ತಾತ್ಪರ್ಯ. ಆ ಪ್ರಯೋಗವನ್ನು ಗೊಡಾರ್ಡ್ ಆಗಲೇ ಮಾಡಿ ಮುಗಿಸಿದ್ದರು. ಫಲಿತಾಂಶ ಅದೇ ಪ್ರಬಂಧದಲ್ಲೇ ಅಚ್ಚಾಗಿತ್ತು. ಸಂಪಾದಕೀಯ ಬರೆದವರು ಅದನ್ನು ಓದಿರಲಿಲ್ಲ, ಅಥವಾ ಓದಿಯೂ ತಲೆಗೆ ಹೋಗಿರಲಿಲ್ಲ.

ನಕ್ಕವರನ್ನು ಪೂರ್ತಿ ದೂರಲು ನನಗೆ ಬಾಯಿ ಬರುವುದಿಲ್ಲ. ನಾನೂ ಅದನ್ನೇ ಬರೆದವನಲ್ಲವೇ? ನಡೆಯುವವನಿಗೆ ನೆಲ ಬೇಕು, ಈಜುವವನಿಗೆ ನೀರು ಬೇಕು, ಹಕ್ಕಿಗೆ ಗಾಳಿ ಬೇಕು. ನಿತ್ಯ ಕಾಣುವುದನ್ನೇ ನಂಬಿದರೆ ಆ ಸಂಪಾದಕೀಯವೇ ಸರಿ. ನಮ್ಮೂರಲ್ಲಿ ಮೊದಲು ತೋಟಕ್ಕೆ ಹನಿ ನೀರಾವರಿಯ ಪೈಪು ಎಳೆಸಿದವರನ್ನು ನೋಡಿ, ಹನಿಹನಿ ನೀರಿನಲ್ಲಿ ಅಡಿಕೆ ಬೆಳೆದ ಹಾಗೇ ಎಂದು ಕಟ್ಟೆಯ ಮೇಲೆ ಕೂತು ನಕ್ಕವರಲ್ಲಿ ನಮ್ಮ ಮನೆಯವರೂ ಇದ್ದರು. ಸಂಶಯ ಪಡುವುದು ತಪ್ಪಲ್ಲ. ಅಳೆದು ತೋರಿಸಿದ ಮೇಲೂ ಅಳತೆಯನ್ನು ನೋಡದೆ ನಗುವುದು ಬೇರೆ.

ಆ ನಗು ಗೊಡಾರ್ಡ್ ಅವರನ್ನು ಬದಲಿಸಿತು. ಸ್ವಭಾವತಃ ಸಂಕೋಚದವರು, ಈಗ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಇದರ ಬೆಲೆ ಮುಂದೆ ಗೊತ್ತಾಗುತ್ತದೆ.

ಮದ್ದನ್ನು ಬಿಟ್ಟು ಅವರು ದ್ರವ ಇಂಧನಕ್ಕೆ ಕೈ ಹಾಕಿದರು. ಪೆಟ್ರೋಲು ಒಂದು ಕಡೆ, ಅದು ಉರಿಯಲು ಬೇಕಾದ ಆಮ್ಲಜನಕ ದ್ರವರೂಪದಲ್ಲಿ ಇನ್ನೊಂದು ಕಡೆ. ದ್ರವ ಆಮ್ಲಜನಕವೆಂದರೆ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ತಣ್ಣಗಿನ ವಸ್ತು. ಮುಟ್ಟಿದ ಕವಾಟ ಹೆಪ್ಪುಗಟ್ಟುತ್ತದೆ. ಅದರ ಪಕ್ಕದಲ್ಲೇ ಲೋಹ ಕರಗಿಸುವ ಬೆಂಕಿ. ಇವೆರಡನ್ನೂ ಒಂದೇ ಕಡೆ ಹದವಾಗಿ ಕೂಡಿಸಲು ಐದಾರು ವರ್ಷ ಹಿಡಿಯಿತು. 1924ರಲ್ಲಿ ಅವರು ಮದುವೆಯಾದ ಎಸ್ತರ್ ಈ ಕೆಲಸದಲ್ಲೂ ಜೊತೆಯಾದರು.

1926ರ ಮಾರ್ಚ್ 16, ವೂಸ್ಟರ್ ಪಕ್ಕದ ಆಬರ್ನ್ ಎಂಬಲ್ಲಿ, ದೂರದ ಸಂಬಂಧಿ ಎಫಿ ಅತ್ತೆಯ ಹೊಲ. ನೆಲದ ಮೇಲೆ ಇನ್ನೂ ಹಿಮವಿತ್ತು. ಅಲ್ಲಿದ್ದವರು ನಾಲ್ಕೇ ಜನ: ಗೊಡಾರ್ಡ್, ಎಸ್ತರ್, ಕೆಲಸಗಾರ ಹೆನ್ರಿ ಸ್ಯಾಕ್ಸ್, ಸಹೋದ್ಯೋಗಿ ಪರ್ಸಿ ರೂಪ್. ಸುಮಾರು ಹತ್ತು ಅಡಿ ಎತ್ತರದ ತೆಳು ಕೊಳವೆಗಳ ಚೌಕಟ್ಟು, ನೋಡಿದರೆ ರಾಕೆಟ್ ಎಂದು ಹೇಳಲಾಗದು. ಎಂಜಿನ್ ತುದಿಯಲ್ಲಿ, ಟ್ಯಾಂಕುಗಳು ಕೆಳಗೆ. ಮೇಲಿಂದ ಎಳೆದರೆ ನೆಟ್ಟಗೆ ಹೋಗುತ್ತದೆಂದು ಅವರ ಲೆಕ್ಕ. ಅದು ತಪ್ಪು ಲೆಕ್ಕ, ಆಮೇಲೆ ಎಂಜಿನ್ ಕೆಳಕ್ಕೆ ಬಂತು. ದೊಡ್ಡವರೂ ತಪ್ಪುತ್ತಾರೆ. ಸ್ಯಾಕ್ಸ್ ಉದ್ದ ಕೋಲಿಗೆ ಕಟ್ಟಿದ ದೀವಟಿಗೆಯಿಂದ ಬೆಂಕಿ ಕೊಟ್ಟರು. ಸದ್ದು ಬಂತು, ಉರಿ ಬಂತು, ರಾಕೆಟ್ ಮಾತ್ರ ಕದಲಲಿಲ್ಲ. ಇಂಧನ ಉರಿದು ತೂಕ ಇಳಿಯುವವರೆಗೆ ನಿಂತಲ್ಲೇ ನಿಂತು, ಆಮೇಲೆ ಎದ್ದಿತು. ಎರಡೂವರೆ ಸೆಕೆಂಡು. ಎತ್ತರ 41 ಅಡಿ, ನಮ್ಮ ಹಳೆಯ ತೆಂಗಿನ ಮರಗಳಷ್ಟೂ ಇಲ್ಲ. 184 ಅಡಿ ದೂರದ ಎಲೆಕೋಸಿನ ಹೊಲಕ್ಕೆ ಬಿತ್ತು. ಎಸ್ತರ್ ಕೈಯಲ್ಲಿದ್ದ ಕ್ಯಾಮೆರಾಕ್ಕೆ ಕೀಲಿ ಕೊಟ್ಟರೆ ಏಳು ಸೆಕೆಂಡು ಮಾತ್ರ ಓಡುವುದು. ರಾಕೆಟ್ ಏಳುವ ಮೊದಲೇ ಅದು ನಿಂತುಹೋಗಿತ್ತು. ಹಾಗಾಗಿ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿದ್ದಕ್ಕೆ ಚಲನಚಿತ್ರವಿಲ್ಲ. ಗೊಡಾರ್ಡ್ ಪತ್ರಿಕೆಯವರಿಗೆ ಹೇಳಲೂ ಇಲ್ಲ. ಹೊರಜಗತ್ತಿಗೆ ಸರಿಯಾಗಿ ತಿಳಿದದ್ದು ಹತ್ತು ವರ್ಷದ ನಂತರ, 1936ರಲ್ಲಿ.

1929ರ ಜುಲೈ 17ರಂದು ಅದೇ ಹೊಲದಿಂದ ಇನ್ನೊಂದು ರಾಕೆಟ್ ಹಾರಿಸಿದರು. ಒಳಗೆ ವಾಯುಭಾರಮಾಪಕ, ಉಷ್ಣತಾಮಾಪಕ, ಒಂದು ಕ್ಯಾಮೆರಾ. ಸದ್ದು ಕೇಳಿ ವಿಮಾನ ಬಿತ್ತೆಂದು ಊರವರು ಓಡಿಬಂದರು, ಪೊಲೀಸರೂ ಆಂಬುಲೆನ್ಸೂ ಬಂದವು. ಚಂದ್ರನ ರಾಕೆಟ್ ಗುರಿ ತಪ್ಪಿತೆಂದು ಪತ್ರಿಕೆಗಳು ಮತ್ತೆ ನಕ್ಕವು. ಆ ರಾಜ್ಯದಲ್ಲಿ ರಾಕೆಟ್ ಹಾರಿಸಬಾರದೆಂದು ಅಗ್ನಿಶಾಮಕ ಅಧಿಕಾರಿ ಹೇಳಿದರು. ಆದರೆ ಈ ಗದ್ದಲದಿಂದ ಒಂದು ಒಳ್ಳೆಯದೂ ಆಯಿತು. ಒಬ್ಬರೇ ಅಟ್ಲಾಂಟಿಕ್ ದಾಟಿದ್ದ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಕಿವಿಗೆ ಸುದ್ದಿ ಬಿತ್ತು. ಅವರು ಬಂದು ಕೂತು ಕೇಳಿದರು, ನಗಲಿಲ್ಲ. ಅವರ ಮಾತಿನಿಂದ ಶ್ರೀಮಂತ ಡೇನಿಯಲ್ ಗುಗನ್‌ಹೈಮ್ ಹಣ ಕೊಟ್ಟರು. 1930ರಲ್ಲಿ ಗೊಡಾರ್ಡ್ ಸಂಸಾರ ಸಮೇತ ನ್ಯೂ ಮೆಕ್ಸಿಕೋದ ರಾಸ್‌ವೆಲ್ ಎಂಬ ಬಯಲುಸೀಮೆಗೆ ಹೋದರು.

ಅಲ್ಲಿ ನಾಲ್ಕೈದು ಜನರ ತಂಡ ಕಟ್ಟಿಕೊಂಡು ಮಾಡಿದ ಕೆಲಸ ಕಡಿಮೆಯಲ್ಲ. ದಾರಿ ತಪ್ಪದಂತೆ ಬುಗುರಿಯಂತೆ ತಿರುಗುವ ಜೈರೋಸ್ಕೋಪ್, ಉರಿಯ ದಾರಿಯಲ್ಲಿಟ್ಟ ಚುಕ್ಕಾಣಿ ರೆಕ್ಕೆಗಳು, ಇಂಧನ ನೂಕುವ ಪಂಪುಗಳು. 1937ರಲ್ಲಿ ಒಂದು ರಾಕೆಟ್ ಸುಮಾರು ಎರಡೂವರೆ ಕಿಲೋಮೀಟರ್ ಎತ್ತರ ಏರಿತು. ಆದರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದಿಂದ ರಾಕೆಟ್ ಆಸಕ್ತ ಯುವಕ ಫ್ರಾಂಕ್ ಮಲೀನಾ ಬಂದಾಗ ಉಪಚಾರ ಮಾಡಿದರು, ಒಳಗಿನ ಯಂತ್ರ ತೋರಿಸಲಿಲ್ಲ. ನನ್ನಂಥ ಸಾಫ್ಟ್‌ವೇರಿನವನಿಗೆ ಇದು ಸಂಕಟದ ಭಾಗ. ನಮ್ಮ ಕೆಲಸದಲ್ಲಿ ಬರೆದದ್ದನ್ನು ನಾಲ್ಕು ಜನ ನೋಡಿದರೇ ತಪ್ಪು ಸಿಗುವುದು. ಅವರು ಎಲ್ಲವನ್ನೂ ಒಬ್ಬರೇ ಹೊತ್ತರು. ಅತ್ತ ಜರ್ಮನಿಯಲ್ಲಿ ಸರ್ಕಾರದ ಹಣದಿಂದ ಸಾವಿರಾರು ಜನ ಸೇರಿ ಮಾಡಿದ ವಿ-2 ರಾಕೆಟ್ಟು 1944ರಲ್ಲಿ ಲಂಡನ್ನಿನ ಮೇಲೆ ಬೀಳತೊಡಗಿತು. ಯುದ್ಧದ ಕೊನೆಯಲ್ಲಿ ವಶಪಡಿಸಿಕೊಂಡು ತಂದ ವಿ-2ರ ಭಾಗಗಳನ್ನು ನೋಡಿ ಗೊಡಾರ್ಡ್ ತಮ್ಮದೇ ಯಂತ್ರವೆಂದುಕೊಂಡರು. ಅವರ ವಿಚಾರಗಳೇ ಅದರಲ್ಲಿದ್ದವು, ನಿಜ. ಆದರೆ ಜರ್ಮನರು ಬಹುಮಟ್ಟಿಗೆ ತಾವೇ ಹುಡುಕಿಕೊಂಡಿದ್ದರು ಎಂದು ಈಗಿನ ಇತಿಹಾಸಕಾರರ ಅಭಿಪ್ರಾಯ.

1938ರ ಬಿರುಗಾಳಿಯಲ್ಲಿ ವೂಸ್ಟರಿನ ಚೆರ್ರಿ ಮರ ಬಿದ್ದಿತ್ತು. ಇನ್ನು ಮುಂದೆ ಒಂಟಿಯಾಗಿ ಸಾಗಬೇಕು ಎಂಬರ್ಥದ ಒಂದು ಸಾಲನ್ನು ಅವರು ದಿನಚರಿಯಲ್ಲಿ ಬರೆದರು. ಗಂಟಲು ಕ್ಯಾನ್ಸರಿನಿಂದ 1945ರ ಆಗಸ್ಟ್ 10ರಂದು ತೀರಿಕೊಂಡರು. ವಯಸ್ಸು ಅರವತ್ತೆರಡು.

ಉಳಿದ ಕೆಲಸ ಎಸ್ತರ್ ಅವರದು. ಗಂಡನ ಟಿಪ್ಪಣಿಗಳನ್ನೆಲ್ಲ ಅಚ್ಚುಕಟ್ಟು ಮಾಡಿ ಇನ್ನೂ 131 ಪೇಟೆಂಟ್ ಪಡೆದರು. ಒಟ್ಟು 214 ಆದವು. ಅವುಗಳನ್ನು ಬಳಸಿಕೊಂಡದ್ದಕ್ಕೆ 1960ರಲ್ಲಿ ಅಮೆರಿಕ ಸರ್ಕಾರ ಹತ್ತು ಲಕ್ಷ ಡಾಲರ್ ಕೊಟ್ಟಿತು. ಅದಕ್ಕೆ ಮೊದಲೇ, 1959ರಲ್ಲಿ, ನಾಸಾ ತನ್ನ ಒಂದು ದೊಡ್ಡ ಕೇಂದ್ರಕ್ಕೆ ಅವರ ಹೆಸರಿಟ್ಟಿತ್ತು. ನಮ್ಮ ಅಬ್ದುಲ್ ಕಲಾಂ 1960ರ ದಶಕದ ಆರಂಭದಲ್ಲಿ ತರಬೇತಿಗೆಂದು ಹೋದ ಕಡೆಗಳಲ್ಲಿ ಅದೂ ಒಂದು. ಅದೇ ಪ್ರವಾಸದಲ್ಲಿ ವಾಲಪ್ಸ್ ದ್ವೀಪದ ಕೇಂದ್ರದಲ್ಲಿ ಅವರು ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರ ತೂಗುಹಾಕಿದ್ದನ್ನು ಕಂಡರು.

1969ರ ಜುಲೈ 16ರಂದು ಅಪೊಲೊ 11 ಚಂದ್ರನ ಕಡೆ ಹೊರಟಿತು. ಮರುದಿನ, ಜುಲೈ 17ರಂದು, ನ್ಯೂಯಾರ್ಕ್ ಟೈಮ್ಸ್ ಒಂದು ಪುಟ್ಟ ತಿದ್ದುಪಡಿ ಹಾಕಿತು. ರಾಕೆಟ್ ನಿರ್ವಾತದಲ್ಲೂ ಕೆಲಸ ಮಾಡುತ್ತದೆಂದು ಒಪ್ಪಿಕೊಂಡು 1920ರ ತಪ್ಪಿಗೆ ವಿಷಾದ ಸೂಚಿಸಿತು. ಆಬರ್ನಿನಲ್ಲಿ ಪೊಲೀಸರು ಓಡಿಬಂದ ದಿನದಿಂದ ತಾರೀಖಿನ ಲೆಕ್ಕಕ್ಕೆ ಸರಿಯಾಗಿ ನಲವತ್ತು ವರ್ಷ. ಎಸ್ತರ್ ಆಗ ಬದುಕಿದ್ದರು.

ಎಫಿ ಅತ್ತೆಯ ಹೊಲ ಮುಂದೆ ಗಾಲ್ಫ್ ಮೈದಾನವಾಯಿತು. ರಾಕೆಟ್ ಎದ್ದ ಜಾಗದಲ್ಲಿ ಒಂದು ಗುರುತಿನ ಕಲ್ಲಿದೆ. ಆ ಊರಿನ ಹೈಸ್ಕೂಲಿನ ಆಟದ ತಂಡಗಳಿಗೆ ರಾಕೆಟ್ಸ್ ಎಂದೇ ಹೆಸರು.