ಕನ್ನಡ ಹ್ಯಾಂಗ್ ಆಗಬಾರದು: ತೇಜಸ್ವಿ ಕಂಪ್ಯೂಟರ್ ಬಗ್ಗೆ ತಲೆಕೆಡಿಸಿಕೊಂಡಿದ್ದೇಕೆ?

ನಾನಾಗ ಪಿಯುಸಿ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಕರಪತ್ರ ಮಾಡಿಸೋಕೆ ಗೆಳೆಯರ ಜೊತೆ ಡಿಟಿಪಿ ಅಂಗಡಿಗೆ ಹೋಗಿದ್ದೆ. ಹಿಂದಿನ ವರ್ಷದ ಫೈಲ್ ಇತ್ತು, ತಾರೀಖು ಬದಲಾಯಿಸಿದರೆ ಮುಗೀತು ಅಂದುಕೊಂಡಿದ್ದೆವು. ಆದರೆ ಅಷ್ಟರಲ್ಲಿ ಅಂಗಡಿಯವರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಹೊಸ ವಿಂಡೋಸ್ ಹಾಕಿಸಿದ್ದರು. ಫೈಲ್ ತೆರೆದರೆ ಬಸವಣ್ಣನ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮಷೀನ್ ಚೆನ್ನಾಗೇ ಓಡ್ತಿತ್ತು. ಕೆಟ್ಟಿದ್ದು ಕನ್ನಡ ಮಾತ್ರ.

ಮುಂದೆ ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ವಿಂಡೋಸ್ ಸ್ಟೇಬಲ್ಲಾ, ಲಿನಕ್ಸ್ ಸ್ಟೇಬಲ್ಲಾ ಅಂತ ರಾತ್ರಿಯಿಡೀ ಜಗಳ ಆಡಿದ್ದೇವೆ. ಈ ಪ್ರಶ್ನೆಯನ್ನು ಕನ್ನಡದ ಕಡೆಯಿಂದ ನೋಡಬೇಕು ಅಂತ ನನಗೆ ಹೊಳೆದದ್ದು ಪೂರ್ಣಚಂದ್ರ ತೇಜಸ್ವಿಯವರ ಬದುಕನ್ನು ಓದುವಾಗ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಅಪ್ಪ ಕುವೆಂಪು. ಮೈಸೂರಿನಲ್ಲಿ ಕನ್ನಡ ಎಂಎ ಮಾಡಿದ ಹುಡುಗ ಮೇಷ್ಟರಾಗಿ ನೆಮ್ಮದಿಯಾಗಿ ಇರಬಹುದಿತ್ತು. ಅದು ಬಿಟ್ಟು ಮೂಡಿಗೆರೆ ಕಡೆ ಹೋಗಿ ಕಾಫಿ ತೋಟ ಮಾಡಿದರು. ಮೊದಲು ಚಿತ್ರಕೂಟ, ಆಮೇಲೆ ನಿರುತ್ತರ. ಅವರ ಮದುವೆಯೂ ಪುರೋಹಿತರಿಲ್ಲದೆ, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಯಿತು.

ಲೋಹಿಯಾ ಅವರ ಸಮಾಜವಾದ ತೇಜಸ್ವಿಯವರನ್ನು ಗಾಢವಾಗಿ ತಟ್ಟಿತ್ತು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ತನಗೆ ಸಾಕಾಗಿದೆ ಎಂದು ಸಾರಿ, ಲೋಹಿಯಾ, ಕುವೆಂಪು, ಕಾರಂತರ ಕಡೆ ಕೈ ತೋರಿಸಿದರು. 1980ರಲ್ಲಿ ‘ಕರ್ವಾಲೊ’ ಬಂತು. ‘ಚಿದಂಬರ ರಹಸ್ಯ’ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಇದರ ನಡುವೆ ಮೀನು ಹಿಡಿಯೋದು, ಹಕ್ಕಿ ಫೋಟೊ ತೆಗೆಯೋದು, ಸ್ಕೂಟರ್ ಬಿಚ್ಚಿ ಕೂರೋದು. ಯಂತ್ರ ಅಂದರೆ ಮೂಗು ಮುರಿಯುವ ಸಾಹಿತಿ ಅವರಾಗಿರಲಿಲ್ಲ. ಕಂಪ್ಯೂಟರ್ ಬಂದಾಗ ಅದನ್ನೂ ಹಾಗೇ ಕೈಗೆತ್ತಿಕೊಂಡರು.

ಆಗಿನ ಪರಿಸ್ಥಿತಿ ನೆನಪಿಸಿಕೊಳ್ಳಿ. ವಿಂಡೋಸ್ 98ರಲ್ಲಿ ಒಂದು ಪ್ರೋಗ್ರಾಂ ಎಡವಿದರೆ ಇಡೀ ಮಷೀನನ್ನೇ ಕೆಡವಬಹುದಿತ್ತು, ನೀಲಿ ಪರದೆ ಮಾಮೂಲಿ. 2001ರಲ್ಲಿ ಬಂದ ಎಕ್ಸ್‌ಪಿ ಬೇರೆ ಬುನಾದಿಯ ಮೇಲೆ ನಿಂತಿತ್ತು. ಅದರಲ್ಲಿ ಪ್ರತಿ ಪ್ರೋಗ್ರಾಂಗೂ ಮೆಮೊರಿಯಲ್ಲಿ ಅದರದೇ ಬೇಲಿ. ಒಂದು ಸತ್ತರೂ ಉಳಿದವು ಬದುಕುತ್ತಿದ್ದವು. ಲಿನಕ್ಸ್‌ನಲ್ಲಿ ಈ ಬೇಲಿ ಮೊದಲಿನಿಂದಲೂ ಇತ್ತು.

ಕನ್ನಡದ ಕಥೆ ಮಾತ್ರ ಬೇರೆ. ಕಾರ್ಯಾಚರಣೆ ವ್ಯವಸ್ಥೆಗೇ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ನಮ್ಮ ತಂತ್ರಾಂಶಗಳು ಒಂದು ಉಪಾಯ ಹೂಡಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸುವುದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಒಂದೊಂದು ತಂತ್ರಾಂಶದ್ದೂ ಒಂದೊಂದು ಲೆಕ್ಕ. ಆ ಫಾಂಟ್ ಇಲ್ಲದ ಮಷೀನಿಗೆ ಫೈಲ್ ಹೋದರೆ ಕುರುಗೋಡಿನ ಕರಪತ್ರದ ಗತಿಯೇ. ಮುಖ್ಯ ತಂತ್ರಾಂಶಗಳಾದ ಬರಹ, ನುಡಿ ಎರಡೂ ವಿಂಡೋಸ್‌ಗಾಗಿ ಮಾಡಿದವು. ಅವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಕನ್ನಡ ಒಂದೇ ಕಂಪನಿಯ ಮನೆಯ ಬಾಡಿಗೆದಾರ ಆಗಿಬಿಟ್ಟಿತು ಅನ್ನೋದೂ ನಿಜ.

ಕಂಪ್ಯೂಟರಿನಲ್ಲಿ ಗಟ್ಟಿಯಾಗಿ ನೆಲೆಯೂರದ ಭಾಷೆ ಮುಂದಿನ ಕಾಲದಲ್ಲಿ ಉಳಿಯೋದು ಕಷ್ಟ ಅನ್ನುವುದು ತೇಜಸ್ವಿಯವರ ಆತಂಕ. ಬಾವುಟ, ಘೋಷಣೆಯಿಂದ ಇದು ಬಗೆಹರಿಯಲ್ಲ, ಕೂತು ಕೆಲಸ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಹಿಂದೆ ಬಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಹಂಪಿ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವಿಶ್ವವಿದ್ಯಾಲಯ ಶುರುವಾದ 1991ರಲ್ಲೇ ಲಿನಕ್ಸ್ ಹುಟ್ಟಿತು. ಕನ್ನಡಕ್ಕೂ ಜಾಗ ಕೊಟ್ಟ ಯೂನಿಕೋಡ್‌ನ ಮೊದಲ ಆವೃತ್ತಿಯೂ ಅದೇ ವರ್ಷ ಬಂತು. ಮದ್ದು ಇತ್ತು, ಅದು ನಮ್ಮ ಮೇಜಿನವರೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

2007ರ ಏಪ್ರಿಲ್ 5ರಂದು ನಿರುತ್ತರದಲ್ಲಿ ತೇಜಸ್ವಿ ತೀರಿಕೊಂಡರು. ಆ ಹೊತ್ತಿಗೆ ಸ್ಮಾರ್ಟ್‌ಫೋನ್ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಇವತ್ತು ಪ್ರತಿ ಫೋನಿನಲ್ಲೂ ಕನ್ನಡ ಇದೆ. ಹಾಗಂತ ಕೆಲಸ ಮುಗಿಯಿತಾ? ಇಲ್ಲ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಈಗಲೂ ಕಚೇರಿಗಳಲ್ಲಿ ಓಡಾಡುತ್ತಿವೆ. ಅವುಗಳಲ್ಲಿ ಕನ್ನಡದ ಒಂದು ಪದ ಹುಡುಕಿದರೂ ಸಿಗುವುದಿಲ್ಲ, ಯಾಕಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. ಹುಡುಕಲಾಗದ ಆದೇಶವನ್ನು ಪ್ರಶ್ನಿಸೋದು ಹೇಗೆ?

ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿತು. ಎಷ್ಟೇ ಸ್ಟೇಬಲ್ ಆಗಿದ್ದರೂ ಒಂದು ದಿನ ಕಂಪನಿ ಕೈ ಬಿಡುತ್ತೆ. ಆಗ ಲಿನಕ್ಸ್‌ಗೆ ಹೋಗಲಿ, ಹೊಸ ವಿಂಡೋಸ್‌ಗೆ ಹೋಗಲಿ, ಕಡತ ನಮ್ಮ ಜೊತೆ ಬರಬೇಕು. ಯೂನಿಕೋಡ್‌ನಲ್ಲಿದ್ದರೆ ಬರುತ್ತೆ.

ತೇಜಸ್ವಿ ಹುಟ್ಟುಹಬ್ಬಕ್ಕೆ ಸ್ಟೇಟಸ್ ಹಾಕುವವರಲ್ಲಿ ನಾನೂ ಒಬ್ಬ. ಮುಂದಿನ ಸಲ ಅದರ ಜೊತೆ ಇನ್ನೊಂದು ಕೆಲಸ ಮಾಡೋಣ. ನಿಮ್ಮೂರಿನ ಪಂಚಾಯಿತಿ, ಪುರಸಭೆ, ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆದು, ಅವರ ಕನ್ನಡ ಕಡತಗಳು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತವಾ ಅಂತ ಕೇಳಿ. ನಾನು ಕುರುಗೋಡಿನಿಂದ ಶುರು ಮಾಡ್ತೀನಿ.